ಬೇಟೆಗೆ ದೂರಮಾಪಕ ಆರಿಸಿಕೊಂಡ ಬಗೆ: ನನ್ನ ಅನುಭವ

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸದಲ್ಲ. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆ ಅಪರಾಧವಾದ್ದರಿಂದ, ಊರಿನಲ್ಲಿ ನಾನು ಅದನ್ನು ಹಿಡಿದದ್ದು ಕೈಲ್ ಮುಹೂರ್ತ ಹಬ್ಬದ ಆಯುಧ ಪೂಜೆಗೆ ಮತ್ತು ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡಲು ಮಾತ್ರ. ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿದ ಮೇಲೆ ಅಲ್ಲಿನ ಕಡ್ಡಾಯ ತರಬೇತಿ ಮುಗಿಸಿ, ಪರವಾನಗಿ ಪಡೆದು, ಗನ್ನಿಸನ್ ಸುತ್ತಲಿನ ಬೆಟ್ಟಗಳಿಗೆ ಮ್ಯೂಲ್ ಡಿಯರ್ ಎಂಬ ಜಿಂಕೆಯ ಬೇಟೆಗೆ ಹೋಗತೊಡಗಿದೆ. ಕಾಫಿ ತೋಟದ ಮರಗಳ ನಡುವೆ ಪಳಗಿದ ನನ್ನ ಕಣ್ಣಂದಾಜು, ಕುರುಚಲು ಗಿಡಗಳಷ್ಟೇ ಇರುವ ಆ ತೆರೆದ ಇಳಿಜಾರುಗಳಲ್ಲಿ ಸೋತುಹೋಯಿತು. 400 ಗಜ ದೂರದ ಬಂಡೆ 300 ಗಜದಲ್ಲಿದ್ದಂತೆ ಕಾಣುತ್ತಿತ್ತು.

ಈ ತಪ್ಪು ಸಣ್ಣದಲ್ಲ. 200 ಗಜಕ್ಕೆ ಗುರಿ ಹೊಂದಿಸಿದ ನನ್ನ .308 (ಅಂಗುಲದಲ್ಲಿ ಗುಂಡಿನ ವ್ಯಾಸ) ಕೋವಿಯ ಗುಂಡು 300 ಗಜದಲ್ಲಿ ಸುಮಾರು ಎಂಟು ಅಂಗುಲ ಕೆಳಗಿಳಿದರೆ, 400 ಗಜದ ಹೊತ್ತಿಗೆ ಸುಮಾರು ಎರಡು ಅಡಿ ಇಳಿದಿರುತ್ತದೆ. ಜಿಂಕೆಯ ಎದೆಯಲ್ಲಿ ಗುಂಡು ತಗುಲಬೇಕಾದ ಭಾಗವೋ ಹೆಚ್ಚುಕಡಿಮೆ ಒಂದು ಗೇಣು. ದೂರ ತಪ್ಪಿದರೆ ಕಾಲು ಮುರಿದ ಪ್ರಾಣಿಯೊಂದು ಕಣಿವೆಯಾಚೆ ನರಳುತ್ತಾ ಸಾಯುತ್ತದೆ ಎಂಬ ಯೋಚನೆಯೇ ನನ್ನನ್ನು ಬೆಳಕು ಹೋಗಿ ಮರಳುವ ಸಮಯದಿಂದ ದೂರ ಅಳೆಯುವ ಲೇಸರ್ ದೂರಮಾಪಕದತ್ತ ತಳ್ಳಿತು.

ಹಣ ಉಳಿಸಲು ಮೊದಲು ಕೊಂಡದ್ದು ಗಾಲ್ಫ್ ಆಟಗಾರರು ಬಳಸುವ ಹಳೆಯ ಉಪಕರಣ. ಲೇಸರ್ ಎಲ್ಲವೂ ಒಂದೇ ಎಂದು ಮಾರಿದವರು ಹೇಳಿದ್ದರು, ನಾನೂ ನಂಬಿದೆ. ಬೇಟೆಯ ಕಾಲಕ್ಕೆ ಮುನ್ನ ಕಡಿದಾದ ಏರಿನಲ್ಲಿ ಅಭ್ಯಾಸಕ್ಕೆ ಕುಳಿತಾಗ ಅದು ನೇರ ದೂರಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸಿತು. ಕಾರಣ ಆಮೇಲೆ ತಿಳಿಯಿತು. ಏರಿನ ಕಡೆಗೆ ಹೊಡೆದ ಗಾಲ್ಫ್ ಚೆಂಡು ಬೇಗನೆ ನೆಲ ಮುಟ್ಟುವುದರಿಂದ ಆಟಗಾರನಿಗೆ ದೂರವನ್ನು ಕೂಡಿಸಿ ಹೇಳಬೇಕು. ಗುಂಡಿನ ಇಳಿತವಾದರೋ ಬಹುಮಟ್ಟಿಗೆ ಸಮತಲದ ದೂರವನ್ನು ಅವಲಂಬಿಸಿರುವುದರಿಂದ, ಏರಾಗಲಿ ಇಳಿಜಾರಾಗಲಿ, ಬೇಟೆಗಾರನಿಗೆ ದೂರವನ್ನು ಕಳೆದು ಹೇಳಬೇಕು. 30 ಡಿಗ್ರಿ ಕೋನದಲ್ಲಿ 300 ಗಜ ದೂರವಿರುವ ಜಿಂಕೆಗೆ 260 ಗಜದ ಲೆಕ್ಕ ಹಿಡಿಯಬೇಕು. ಜೊತೆಗೆ, ಗಾಲ್ಫ್ ಕುಳಿಯಲ್ಲಿ ನೆಟ್ಟ ಧ್ವಜದ ಕೋಲನ್ನು ಹಿಡಿಯಲೆಂದು ಆ ಉಪಕರಣ ಎದುರಿಗೆ ಮೊದಲು ಸಿಕ್ಕಿದ್ದನ್ನೇ ಅಳೆಯುತ್ತಿತ್ತು. ಬೇಟೆಯಲ್ಲಿ ಮುಂದಿನ ಹುಲ್ಲು ಕಡ್ಡಿಯನ್ನು ಬಿಟ್ಟು ಹಿಂದಿನ ಪ್ರಾಣಿಯನ್ನು ಅಳೆಯುವ ವ್ಯವಸ್ಥೆ ಬೇಕು.

ಎರಡನೆಯ ಸಲ ಸುಮಾರು 200 ಡಾಲರ್ ಎಂದು ಮಿತಿ ಹಾಕಿಕೊಂಡು, ಲ್ಯುಪೋಲ್ಡ್ ಮತ್ತು ವೋರ್ಟೆಕ್ಸ್ ಕಂಪನಿಗಳ ಆರಂಭಿಕ ಮಾದರಿಗಳನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ದೂರದ ಅಂಕಿ ಬೆಳಕನ್ನು ಚೆನ್ನಾಗಿ ಮರಳಿಸುವ ಫಲಕಕ್ಕೆ ಸಂಬಂಧಿಸಿದ್ದು. ಜಿಂಕೆಗೆ ಅದರ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಮೋಸವಿಲ್ಲ. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು ಒಳಗೆ ಕಾಣುವ ಅಂಕಿಗಳ ಬಣ್ಣ. ಜಿಂಕೆ ಹೊರಬರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆ ಹೊತ್ತಿನಲ್ಲಿ ಕತ್ತಲೆ ಕಾಡಿನ ಹಿನ್ನೆಲೆಗೆ ಕಪ್ಪು ಅಂಕಿ ಕಾಣುವುದೇ ಇಲ್ಲ. ಆದ್ದರಿಂದ ಕೆಂಪಾಗಿ ಬೆಳಗುವ, ಕೋನದ ಲೆಕ್ಕ ಕೊಡುವ ಲ್ಯುಪೋಲ್ಡ್ ಮಾದರಿಯನ್ನು ಆರಿಸಿದೆ.

ಕೊಂಡ ವಾರವೇ ಪರೀಕ್ಷಿಸಿದೆ. ಗುರಿ ಅಭ್ಯಾಸದ ಮೈದಾನದಲ್ಲಿ ಅಳೆದು ನೆಟ್ಟ 100, 200, 300 ಗಜದ ಫಲಕಗಳಿಗೆ ಹೋಲಿಸಿದಾಗ ಒಂದು ಗಜಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಆಮೇಲೆ ಊರಿನಿಂದ ತಂದ ಕಂಬಳಿಯನ್ನು ಬೇಲಿಗೆ ಹೊದಿಸಿ, ಅದನ್ನೇ ಜಿಂಕೆಯೆಂದು ಭಾವಿಸಿ, ಹಿಂದೆ ಹಿಂದೆ ಸರಿಯುತ್ತಾ ಅಳೆದೆ. ಸಂಜೆ 500 ಗಜದಿಂದಲೂ ಅಂಕಿ ಬಂತು. ನಡುಹಗಲಲ್ಲಿ, ಬಿಸಿಲೇ ಲೇಸರಿಗೆ ಅಡ್ಡಿಯಾಗುವುದರಿಂದ, ಅಷ್ಟು ದೂರ ಹಿಡಿಯಲಿಲ್ಲ. ಇನ್ನೊಂದು ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು. ಆಕಾಶದ ಹಿನ್ನೆಲೆಯಲ್ಲಿ ನಿಂತ ಕಂಬವೊಂದರ ಮೇಲೆ ಗುರಿಗೆರೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸುತ್ತಾ ಅಳೆದರೆ ಲೇಸರ್ ನಿಜಕ್ಕೂ ಎಲ್ಲಿ ಬೀಳುತ್ತದೆಂದು ಗೊತ್ತಾಗುತ್ತದೆ. ನನ್ನದು ಕೂದಲೆಳೆಯಷ್ಟು ಬಲಕ್ಕಿತ್ತು, ಅದನ್ನು ನೆನಪಿಟ್ಟುಕೊಂಡಿದ್ದೇನೆ.

ಚಳಿಗೆ ಬ್ಯಾಟರಿ ಸೊರಗುವುದರಿಂದ ಉಪಕರಣವನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಆ ನವೆಂಬರಿನ ಒಂದು ಸಂಜೆ ಕಣಿವೆಯಾಚೆ ಒಳ್ಳೆಯ ಗಂಡು ಜಿಂಕೆಯೊಂದು ನಿಂತಿತು. ಮೊಣಕಾಲಿಗೆ ಕೈಯೂರಿ ಮೂರು ಸಲ ಅಳೆದೆ: 412, 413, 412. ನಾನು ಹಾಕಿಕೊಂಡ ಮಿತಿ 300 ಗಜವಾದ್ದರಿಂದ ಕೋವಿಯನ್ನು ಎತ್ತಲಿಲ್ಲ. ಕತ್ತಲಾಗುವ ಮುನ್ನ ಅದು ಇಳಿದುಹೋದ ದಾರಿಯ ಬಂಡೆ, ಒಣಮರ, ತೊರೆಯ ತಿರುವುಗಳ ದೂರವನ್ನು ಒಂದೊಂದಾಗಿ ಅಳೆದು ಪುಸ್ತಕದಲ್ಲಿ ಬರೆದುಕೊಂಡೆ. ಮರುದಿನ ನಸುಕಿನಲ್ಲಿ ಅದು ಒಣಮರದ ಪಕ್ಕಕ್ಕೆ ಬಂದು ನಿಂತಾಗ ಮತ್ತೆ ಅಳೆಯುವ ಅಗತ್ಯವೇ ಬೀಳಲಿಲ್ಲ. 228 ಗಜ ಎಂದು ಹಾಳೆಯಲ್ಲಿತ್ತು. ಒಂದೇ ಗುಂಡಿಗೆ ಅದು ನಿಂತಲ್ಲೇ ಬಿದ್ದಿತು.