ತೋಟದ ಸೆನ್ಸರ್ ವರ್ಷಗಟ್ಟಲೆ ಬಾಳಬೇಕೆಂದರೆ ನಿದ್ರೆಯ ಕರೆಂಟನ್ನು ಕಟ್ಟಿಹಾಕಿ

ಕಾಫಿ ತೋಟದ ಮಣ್ಣಿನ ತೇವ ಅಳೆದು ನಿಸ್ತಂತುವಾಗಿ ಮನೆಗೆ ಕಳುಹಿಸುವ ಉಪಕರಣವನ್ನು ಕಟ್ಟುವವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಮೇಜಿನ ಮೇಲೆ ಚೆನ್ನಾಗಿ ನಡೆದದ್ದು ತೋಟಕ್ಕೆ ಹೋದ ಕೆಲವೇ ವಾರಗಳಲ್ಲಿ ಬ್ಯಾಟರಿ ಬರಿದಾಗಿ ನಿಂತುಬಿಡುತ್ತದೆ. ಎಲ್ಲರೂ ರೇಡಿಯೊವನ್ನು ದೂರುತ್ತಾರೆ. ಆದರೆ ಚಾರ್ಜು ಸೋರುವುದು ಎರಡು ಅಳತೆಗಳ ನಡುವೆ ಉಪಕರಣ ಕೆಲಸವಿಲ್ಲದೆ ಮಲಗಿರುವಾಗ.

ಮೊದಲು ಲೆಕ್ಕ ಹಾಕಿ. ಉಪಕರಣವು 15 ನಿಮಿಷಕ್ಕೊಮ್ಮೆ ಎದ್ದು 2 ಸೆಕೆಂಡು ಸರಾಸರಿ 20 ಮಿಲಿಆಂಪ್ ಎಳೆದರೆ, ಆ ಖರ್ಚು ಇಡೀ ಅವಧಿಗೆ ಹಂಚಿಕೊಂಡು ಸುಮಾರು 44 ಮೈಕ್ರೋಆಂಪ್ (ಮಿಲಿಆಂಪಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರೋಆಂಪ್) ಆಗುತ್ತದೆ. ನಿದ್ರೆಯಲ್ಲಿ 5 ಮೈಕ್ರೋಆಂಪ್ ಸಾಕಾದರೆ 2400 ಮಿಲಿಆಂಪ್-ಅವರ್ ಸೆಲ್ ಕಾಗದದ ಮೇಲೆ ಐದು ವರ್ಷ ದಾಟುತ್ತದೆ. 5 ಮಿಲಿಆಂಪ್ ಸೋರಿದರೆ ಅದೇ ಸೆಲ್ 20 ದಿನಕ್ಕೆ ಮುಗಿಯುತ್ತದೆ.

ಆದ್ದರಿಂದ ಪ್ರಯೋಗಕ್ಕೆಂದು ಸಿದ್ಧವಾಗಿ ಸಿಗುವ ಡೆವಲಪ್‌ಮೆಂಟ್ ಬೋರ್ಡನ್ನು ಹಾಗೆಯೇ ಡಬ್ಬಿಗೆ ತುರುಕಬೇಡಿ. ಅಂಥ ಹಲವು ಬೋರ್ಡುಗಳ ಮೇಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್) ಒಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಪವರ್ ಎಲ್‌ಇಡಿಯದು ಬೇರೆ. ಎಲ್‌ಇಡಿ ಕಿತ್ತರೆ ಸಾಕೆಂಬ ಅಡ್ಡದಾರಿಯನ್ನು ನಂಬಬೇಡಿ. ಬರಿಯ ಮೈಕ್ರೋಕಂಟ್ರೋಲರ್ ಚಿಪ್ ಮತ್ತು ಸ್ವಂತ ಖರ್ಚು 1-2 ಮೈಕ್ರೋಆಂಪ್ ಇರುವ ರೆಗ್ಯುಲೇಟರ್ ಇಟ್ಟು ಸ್ವಂತ ಬೋರ್ಡ್ ಮಾಡಿಸಿ.

ಇನ್ನು ನಿಜವಾದ ಕಷ್ಟದ ಹಂತ. ಬ್ಯಾಟರಿಯ ವೋಲ್ಟೇಜ್ ಅಳೆಯಲು ಎರಡು 10 ಕಿಲೋಓಮ್ ರೆಸಿಸ್ಟರ್ ಹಾಕಿದರೆ 3.6 ವೋಲ್ಟಿನಲ್ಲಿ ಹಗಲಿರುಳೂ 180 ಮೈಕ್ರೋಆಂಪ್ ಹರಿಯುತ್ತದೆ, ಅಂದರೆ ಉಳಿದೆಲ್ಲ ಖರ್ಚಿನ ಮೂರು ಪಟ್ಟಿಗೂ ಹೆಚ್ಚು. ತಲಾ 1 ಮೆಗಾಓಮ್ ಹಾಕಿ, ಓದುವ ಪಿನ್ನಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡಿ. ಮಲಗುವಾಗ ಸೆನ್ಸರಿನ ವಿದ್ಯುತ್ತನ್ನು ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್ಫೆಟ್ ಟ್ರಾನ್ಸಿಸ್ಟರ್ ಮೂಲಕ ಕಡಿಯಿರಿ. ಆದರೆ ಅಷ್ಟಕ್ಕೇ ಸೋರಿಕೆ ನಿಲ್ಲದು, ಏಕೆಂದರೆ ಸೆನ್ಸರಿನ ದತ್ತಾಂಶ ಒಯ್ಯುವ ಐ2ಸಿ ತಂತಿಗಳನ್ನು ಮೇಲಿನ ವೋಲ್ಟೇಜಿಗೆ ಎಳೆದು ಹಿಡಿಯುವ ಪುಲ್-ಅಪ್ ರೆಸಿಸ್ಟರುಗಳು ಮುಖ್ಯ ವಿದ್ಯುತ್ತಿಗೇ ಅಂಟಿಕೊಂಡಿದ್ದರೆ ಕರೆಂಟು ದತ್ತಾಂಶದ ಪಿನ್ನಿನ ಮೂಲಕವೇ ಸೆನ್ಸರಿನೊಳಗೆ ನುಸುಳುತ್ತದೆ. ಪುಲ್-ಅಪ್‌ಗಳನ್ನೂ ಮಾಸ್ಫೆಟ್‌ನ ಆಚೆಗೆ, ಸೆನ್ಸರಿನ ಕಡೆಗೇ ಇಡಿ, ಮಲಗುವ ಮುನ್ನ ಆ ದತ್ತಾಂಶದ ಪಿನ್ನುಗಳನ್ನು ಲೋ (ಸೊನ್ನೆ ವೋಲ್ಟ್) ಮಾಡಿ. ಬಳಸದ ಯಾವ ಪಿನ್ನನ್ನೂ ನಿಶ್ಚಿತ ವೋಲ್ಟೇಜಿಲ್ಲದೆ ತೇಲಲು ಬಿಡಬೇಡಿ.

ಇದನ್ನೆಲ್ಲ ಅಳೆದೇ ಖಚಿತಪಡಿಸಿಕೊಳ್ಳಬೇಕು. ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜಿನಲ್ಲಿ ಸರಣಿಯಾಗಿ ಜೋಡಿಸಿದಾಗ, ರೇಡಿಯೊ ಎದ್ದೊಡನೆ ಮೀಟರಿನೊಳಗೇ ವೋಲ್ಟೇಜ್ ಬಿದ್ದು ಉಪಕರಣ ರೀಸೆಟ್ ಆಗುತ್ತದೆ. ಮೀಟರಿನ ಎರಡೂ ತುದಿಗಳನ್ನು ತಂತಿಯಿಂದ ಜೋಡಿಸಿಟ್ಟು, ಉಪಕರಣ ಮಲಗಿದ ಮೇಲಷ್ಟೇ ತಂತಿ ತೆಗೆದು ಓದಿ.

ರೇಡಿಯೊಗೆ ನನ್ನ ಆಯ್ಕೆ ಕಡಿಮೆ ವಿದ್ಯುತ್ತಿನಲ್ಲಿ ದೂರ ತಲುಪುವ ಲೋರಾ. ನಮ್ಮಲ್ಲಿ 865-867 ಮೆಗಾಹರ್ಟ್ಸ್‌ನಲ್ಲಿ ಅದಕ್ಕೆ ಪರವಾನಗಿ ಬೇಕಿಲ್ಲ. 20 ಬೈಟ್ ಕಳುಹಿಸಲು, 125 ಕಿಲೋಹರ್ಟ್ಸ್ ಅಗಲದಲ್ಲಿ, ಸ್ಪ್ರೆಡಿಂಗ್ ಫ್ಯಾಕ್ಟರ್ (ಏರಿಸಿದಷ್ಟೂ ದೂರ ತಲುಪುವ, ಆದರೆ ನಿಧಾನವಾಗುವ ಹೊಂದಿಕೆ) 7ಕ್ಕೆ ಸುಮಾರು 57 ಮಿಲಿಸೆಕೆಂಡು ಸಾಕು, 12ಕ್ಕೆ 1.3 ಸೆಕೆಂಡು ಬೇಕು. ಹೆಚ್ಚು ಹೊತ್ತು ಕಳುಹಿಸಿದಷ್ಟೂ ಬ್ಯಾಟರಿ ಖರ್ಚು, ಆದ್ದರಿಂದ ಫ್ಯಾಕ್ಟರ್ ಏರಿಸುವ ಮೊದಲು ಆಂಟೆನಾವನ್ನು ಎತ್ತರಕ್ಕೆ ಏರಿಸಿ.

ಮರದ ನೆರಳು ಮತ್ತು ಮುಂಗಾರಿನ ಮೋಡದ ನಡುವೆ ಸೋಲಾರನ್ನು ನೆಚ್ಚಬೇಡಿ; ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ ಹಾಕಿ. ಅದು ಹಠಾತ್ ಭಾರ ಹೊರಲಾರದು, ಪಕ್ಕದಲ್ಲಿ ಸೋರಿಕೆ ಕಡಿಮೆಯಿರುವ ದೊಡ್ಡ ಕೆಪಾಸಿಟರ್ ಇರಲೇಬೇಕು. ಎರಡು ಕಡ್ಡಿಯ ಅಗ್ಗದ ತೇವಮಾಪಕವನ್ನು ಕೊಳ್ಳಲೇಬೇಡಿ, ಮಣ್ಣಿನಲ್ಲಿ ಅದರ ಲೋಹ ಸವೆದುಹೋಗುತ್ತದೆ. ಲೋಹ ಮಣ್ಣಿಗೆ ನೇರ ತಾಗದ ಕೆಪಾಸಿಟಿವ್ ಬಗೆಯದನ್ನು ತಂದು, ನೀರು ಹೀರುವ ಅದರ ಅಂಚುಗಳಿಗೆ ಎಪಾಕ್ಸಿ ಬಳಿಯಿರಿ. ಬೆಸುಗೆಗೆ ಬಳಸುವ ಅಂಟಾದ ಫ್ಲಕ್ಸ್ ಉಳಿದ ಬೋರ್ಡಿನಲ್ಲಿ ತೇವವೇ ಸೋರಿಕೆಗೆ ದಾರಿ ಮಾಡುವುದರಿಂದ, ಅದನ್ನು ತೊಳೆದು ಒಣಗಿಸಿ, ರಕ್ಷಣಾ ಲೇಪನ ಹಚ್ಚಿದ ಮೇಲೆ ನಿದ್ರೆಯ ಕರೆಂಟನ್ನು ಇನ್ನೊಮ್ಮೆ ಅಳೆದು ಡಬ್ಬಿ ಮುಚ್ಚಿ.