ಆ ಜಾಹೀರಾತಿಗೆ ಎಷ್ಟು ಖರ್ಚಾಯ್ತು? ಹತ್ತು ರೂಪಾಯಿ ಕೊಟ್ಟು ಕೇಳುವುದು ಹೀಗೆ

ಬೆಳಿಗ್ಗೆ ಪೇಪರ್ ಬಿಡಿಸಿದರೆ ಮೊದಲ ಪುಟದ ತುಂಬಾ ಮುಖ್ಯಮಂತ್ರಿ ಮತ್ತು ಮಂತ್ರಿಗಳ ಫೋಟೊ. ಸುದ್ದಿ ಬೇಕಾದರೆ ಮೂರನೇ ಪುಟಕ್ಕೆ ಹೋಗಬೇಕು. ಇದಕ್ಕೆಲ್ಲ ಎಷ್ಟು ಸುರಿದರೋ ಅಂತ ಗೊಣಗದವರು ಕಡಿಮೆ. ಅವರಲ್ಲಿ ಕೆಲವರು ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕುತ್ತಾರೆ, ಹಾಕಿ ಎಡವುತ್ತಾರೆ. ನಾನೂ ಎಡವಿದವನೇ. ಮೊದಲ ಸಲ 'ಕಳೆದ ಐದು ವರ್ಷಗಳಲ್ಲಿ ಪ್ರಚಾರಕ್ಕೆ ಮಾಡಿದ ಎಲ್ಲ ಖರ್ಚಿನ ದಾಖಲೆ ಕೊಡಿ' ಅಂತ ಬರೆದಿದ್ದೆ. ಅರ್ಜಿ ಹಾಕಿದ ಕಚೇರಿಯಿಂದ ಹಿಂಬರಹ ಬಂತು. ಒಟ್ಟು 4,700 ಪುಟ ಇದೆ, ಪುಟಕ್ಕೆ 2 ರೂಪಾಯಿಯಂತೆ 9,400 ರೂಪಾಯಿ ಕಟ್ಟಿ ಅಂತ. ನಾನು ಕಟ್ಟಲಿಲ್ಲ, ಅವರು ಕಡತ ಮುಚ್ಚಿದರು.

ಹಾಗಾಗಿ ಮೊದಲ ಕೆಲಸ, ವರ್ಷದ ಲೆಕ್ಕದ ಆಸೆ ಬಿಡಿ. ಒಂದು ದಿನ ಬಂದ ಒಂದು ಜಾಹೀರಾತು ಹಿಡಿಯಿರಿ. ಆ ಪುಟವನ್ನು ಹರಿಯದಂತೆ ತೆಗೆದಿಡಿ. ಮೊಬೈಲ್ ಫೋಟೊ ಸಾಲದು, ಯಾಕೆಂದರೆ ನಮಗೆ ಬೇಕಾಗಿರೋದು ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಚ್ಚಾಗಿರುವ ಸಂಖ್ಯೆ. ರಾಜ್ಯದ ಜಾಹೀರಾತಾದರೆ ಅಲ್ಲಿ ಡಿಐಪಿಆರ್ ಅಂತಲೋ ಎಂಸಿಎ ಅಂತಲೋ ಇರುತ್ತದೆ. ಮೊದಲನೆಯದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಎರಡನೆಯದು ಸರ್ಕಾರದ್ದೇ ಜಾಹೀರಾತು ಕಂಪನಿ. ಕೇಂದ್ರದ್ದಾದರೆ ಸಿಬಿಸಿ, ಅಂದರೆ ಕೇಂದ್ರ ಸರ್ಕಾರದ ಜಾಹೀರಾತು ಕೊಡುವ ಸಂಸ್ಥೆ, ಅಂತ ಶುರುವಾಗುವ ಸಂಖ್ಯೆ. ಹಳೇ ಪೇಪರಿನಲ್ಲಿ ಇದೇ ಜಾಗದಲ್ಲಿ ಡಿಎವಿಪಿ ಅಂತ ಇರುತ್ತಿತ್ತು, ಆಗ ಈ ಕೆಲಸ ಮಾಡುತ್ತಿದ್ದ ಸಂಸ್ಥೆ ಅದು. ಈ ಸಂಖ್ಯೆ ಅರ್ಜಿಯಲ್ಲಿ ಇದ್ದರೆ 'ಯಾವ ಜಾಹೀರಾತು ಅಂತ ಸ್ಪಷ್ಟವಿಲ್ಲ' ಎನ್ನುವ ಹಿಂಬರಹಕ್ಕೆ ದಾರಿಯೇ ಇರುವುದಿಲ್ಲ.

ಎರಡನೇ ಕೆಲಸ, ಯಾರಿಗೆ ಬರೆಯಬೇಕು? ಡಿಐಪಿಆರ್ ಅಂತ ಇದ್ದರೆ ಬೆಂಗಳೂರಿನ ವಾರ್ತಾ ಸೌಧದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಇಲಾಖೆ ತಪ್ಪಾದರೂ ಗಾಬರಿ ಬೇಡ, ಕಲಂ 6(3)ರ ಪ್ರಕಾರ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು.

ಇನ್ನು ಪ್ರಶ್ನೆ ಬರೆಯುವುದು. ಎಲ್ಲರೂ ಮುಗ್ಗರಿಸುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಅದೂ ಸಾಮಾನ್ಯವಾಗಿ 150 ಪದ ದಾಟಬಾರದು. ನಮ್ಮವರು ಇದರಲ್ಲಿ 80 ಪದವನ್ನು ಪೀಠಿಕೆಗೇ ಸುಡುತ್ತಾರೆ. 'ಬಡವರ ತೆರಿಗೆ ಹಣ ಪೋಲಾಗುತ್ತಿರುವುದು ಅತ್ಯಂತ ಖಂಡನೀಯ' ಅಂತ. ಅದು ಅರ್ಜಿ ರೀ, ಭಾಷಣ ಅಲ್ಲ. ಯಾಕೆ ಮಾಹಿತಿ ಬೇಕು ಅಂತ ನೀವು ಹೇಳಬೇಕಾಗೇ ಇಲ್ಲ, ಕಲಂ 6(2) ಹೇಳುವುದು ಅದನ್ನೇ. ಹಾಗೆಯೇ ನೀವೂ 'ಯಾಕೆ' ಅಂತ ಕೇಳಬೇಡಿ. 'ಇಷ್ಟು ದುಂದು ಯಾಕೆ?', 'ಇಷ್ಟು ದೊಡ್ಡ ಫೋಟೊ ಯಾಕೆ?' ಅಂದರೆ ಉತ್ತರ ಬರಲ್ಲ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಕರ್ತವ್ಯ, ಹೊಸದಾಗಿ ವಿವರಣೆ ಬರೆದು ಕೊಡುವುದಲ್ಲ. ಅಂದಹಾಗೆ ಫೋಟೊ ಜಗಳ ಸುಪ್ರೀಂ ಕೋರ್ಟಿಗೇ ಹೋಗಿ ಬಂದಿದೆ. 2015ರ ಮೇನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಈ ಮೂವರ ಫೋಟೊ ಮಾತ್ರ ಸಾಕು ಅಂತ ಕೋರ್ಟು ಹೇಳಿತ್ತು. 2016ರ ಮಾರ್ಚ್‌ನಲ್ಲಿ ರಾಜ್ಯಪಾಲರು, ಮುಖ್ಯಮಂತ್ರಿ, ಮಂತ್ರಿಗಳಿಗೂ ಬಾಗಿಲು ತೆರೆಯಿತು. ಹಾಗಾಗಿ ಆ ದಾರಿಯಲ್ಲಿ ಹೋಗಿ ಸುಸ್ತಾಗಬೇಡಿ.

ಕೇಳಬೇಕಾದ್ದು ಕಾಗದದ ಹೆಸರು ಹಿಡಿದು. ಜಾಹೀರಾತು ಹೇಗೆ ಹುಟ್ಟುತ್ತದೆ ನೋಡಿ. ಒಂದು ಇಲಾಖೆ ಬೇಡಿಕೆ ಪತ್ರ ಬರೆಯುತ್ತದೆ. ಟಿಪ್ಪಣಿ ಹಾಳೆಯಲ್ಲಿ ಒಪ್ಪಿಗೆ ಸಿಗುತ್ತದೆ. ಪತ್ರಿಕೆಗಳಿಗೆ ಬಿಡುಗಡೆ ಆದೇಶ ಹೋಗುತ್ತದೆ. ಅಚ್ಚಾದ ಮೇಲೆ ಪತ್ರಿಕೆ ಪುಟದ ಪ್ರತಿ ಇಟ್ಟು ಬಿಲ್ ಕಳಿಸುತ್ತದೆ. ಆಮೇಲೆ ಹಣ ಪಾವತಿ. ಪ್ರತಿ ಮೆಟ್ಟಿಲಿಗೂ ಒಂದು ಕಾಗದ ಇದೆ, ಆ ಕಾಗದವನ್ನೇ ಕೇಳಿ. ನಾನು ಬರೆಯುವುದು ಹೀಗೆ:

'ಲಗತ್ತಿಸಿದ ಪುಟದಲ್ಲಿರುವ, ಇಂಥ ದಿನಾಂಕದ, ಇಂಥ ಸಂಖ್ಯೆಯ ಜಾಹೀರಾತಿಗೆ ಸಂಬಂಧಿಸಿದಂತೆ ದೃಢೀಕೃತ ಪ್ರತಿ ನೀಡಿ: 1. ಬಿಡುಗಡೆ ಆದೇಶ ಮತ್ತು ಅದರೊಂದಿಗಿನ ಪತ್ರಿಕೆಗಳ ಪಟ್ಟಿ. 2. ಪ್ರತಿ ಪತ್ರಿಕೆಗೆ ಪಾವತಿಸಿದ ಮೊತ್ತ ತೋರಿಸುವ ದಾಖಲೆ. 3. ವೆಚ್ಚ ಭರಿಸಿದ ಲೆಕ್ಕ ಶೀರ್ಷಿಕೆ ನಮೂದಿಸಿದ ಮಂಜೂರಾತಿ ಆದೇಶ. 4. ವಿನ್ಯಾಸ ಮಾಡಿದ ಸಂಸ್ಥೆಯನ್ನು ಆಯ್ಕೆ ಮಾಡಿದ ಟೆಂಡರ್ ಆದೇಶ, ಅಥವಾ ಟೆಂಡರ್ ಇಲ್ಲದೆ ಆಯ್ಕೆ ಮಾಡಿದ್ದರೆ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಆದೇಶ.'

ಅಷ್ಟೇ. 150 ಪದದ ಅರ್ಧವೂ ಆಗಲಿಲ್ಲ, ಅಲ್ವಾ?

ಮೂರನೇ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಲೆಕ್ಕ ಶೀರ್ಷಿಕೆ ಅಂದರೆ ಖರ್ಚು ಬಜೆಟ್‌ನ ಯಾವ ತಲೆಬರಹದಡಿ ಹೋಯಿತು ಅಂತ ತೋರಿಸುವ ಸಂಖ್ಯೆ. ಪ್ರಚಾರದ ದುಡ್ಡು ಒಂದೇ ಡಬ್ಬಿಯಲ್ಲಿ ಇರುವುದಿಲ್ಲ. ಬಜೆಟ್ ಪುಸ್ತಕದಲ್ಲಿ 2220 ಅನ್ನುವ ಲೆಕ್ಕ ಶೀರ್ಷಿಕೆ ಇದೆ, ವಾರ್ತೆ ಮತ್ತು ಪ್ರಚಾರದ್ದು. ಅದನ್ನು ನೋಡಿ ಇಷ್ಟೇನಾ ಅಂದುಕೊಂಡರೆ ಮೋಸ ಹೋಗುತ್ತೀರಿ. ನಿಗಮ, ಮಂಡಳಿ, ಪ್ರಾಧಿಕಾರಗಳು ತಮ್ಮದೇ ಹಣದಿಂದ ಜಾಹೀರಾತು ಕೊಡುತ್ತವೆ. ಯೋಜನೆಗಳ ಒಳಗೆ ಜಾಗೃತಿ, ಪ್ರಚಾರ ಅಂತ ಬೇರೆಯೇ ಪಾಲು ಇರುತ್ತದೆ. ಅತ್ತ ವಾರ್ತಾ ಇಲಾಖೆಯ ಲೆಕ್ಕದಲ್ಲಿ ಜಾಹೀರಾತಲ್ಲದ ಕೆಲಸಗಳೂ ಇವೆ, ಜನಪದ ಮಾಸಪತ್ರಿಕೆ, ದೆಹಲಿ ಪೆರೇಡಿನ ಸ್ತಬ್ಧಚಿತ್ರ ಅಂತೆಲ್ಲ. ಇನ್ನೊಂದು ಮಾತು. ಟೆಂಡರ್ ಪ್ರಕಟಣೆಯೂ ಜಾಹೀರಾತೇ, ಆದರೆ ಅದು ಬೇಕಾದದ್ದು. ಅದನ್ನೂ ಫೋಟೊ ಪುಟವನ್ನೂ ಕೂಡಿಸಿ 'ಇಷ್ಟು ಕೋಟಿ ಪ್ರಚಾರಕ್ಕೆ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಒಂದೇ ಗಂಟೆಯಲ್ಲಿ ಯಾರಾದರೂ ನಿಮ್ಮ ಮುಖಕ್ಕೆ ಹಿಡಿಯುತ್ತಾರೆ.

ಮೊತ್ತ ಗೊತ್ತಾಗಿ ಏನು ಉಪಯೋಗ ಅನ್ನುವವರಿಗೆ ದೆಹಲಿ ಕಥೆ ಹೇಳಿ. 2023ರಲ್ಲಿ ಅಲ್ಲಿನ ಸರ್ಕಾರ ಮೇರಠ್ ರೈಲು ಯೋಜನೆಗೆ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟಿನಲ್ಲಿ ಕೈಚೆಲ್ಲಿತು. ಹಾಗಾದರೆ ಜಾಹೀರಾತಿನ ಲೆಕ್ಕ ತನ್ನಿ ಅಂದಿತು ಕೋರ್ಟು. ಮೂರು ವರ್ಷಕ್ಕೆ 1,073 ಕೋಟಿ ಅಂತ ಹೊರಬಂತು. ರೈಲಿಗೆ ಬಾಕಿ ಇದ್ದದ್ದು 415 ಕೋಟಿ, ಅದನ್ನು ಕಟ್ಟಿ ಅಂತ ಆದೇಶವಾಯಿತು.

ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಇಲ್ಲ. ಆನ್‌ಲೈನ್ ಪೋರ್ಟಲ್ ಇದೆ, ಆದರೂ ನಾನು ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟ್ ಮಾಡುವವನು. ಪೇಪರ್ ಪುಟವನ್ನು ಹಾಗೇ ಲಗತ್ತಿಸಬಹುದು, ರಸೀದಿಯೂ ಕೈಯಲ್ಲಿರುತ್ತದೆ. ಕೋರ್ಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮಾರುವ ರೆಡಿಮೇಡ್ ಫಾರಂ ಮಾತ್ರ ಕೊಳ್ಳಬೇಡಿ. ನಾನು ನೋಡಿದ ಒಂದರಲ್ಲಿ ಪ್ರಶ್ನೆಗೆ ಬಿಟ್ಟಿದ್ದು ಎರಡೇ ಗೆರೆ, ಉಳಿದ ಜಾಗವೆಲ್ಲ ಕಲಂಗಳ ಪಟ್ಟಿ. ಬಿಳಿ ಹಾಳೆಯಲ್ಲಿ ನಮೂನೆ-ಎ ಅಂತ ಮೇಲೆ ಹಾಕಿ ಕೈಯಲ್ಲೇ ಬರೆಯಿರಿ. ಏಜೆಂಟರಿಗೆ ದುಡ್ಡು ಕೊಡುವುದಂತೂ ಸುಮ್ನೆ ದಂಡ.

ಅರ್ಜಿ ತಲುಪಿದ 30 ದಿನದಲ್ಲಿ ಉತ್ತರ ಬರಬೇಕು. ತಡವಾದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು, ಇದನ್ನು ಅವರಾಗಿ ಹೇಳುವುದಿಲ್ಲ, ನೀವೇ ನೆನಪಿಸಿ. ಪುಟ ಜಾಸ್ತಿ ಅಂದರೆ ನಾನು ಮಾಡಿದ ತಪ್ಪು ಮಾಡಬೇಡಿ. ಕಡತ ಪರಿಶೀಲನೆಗೆ ಅವಕಾಶ ಕೊಡಿ ಅಂತ ಬರೆಯಿರಿ, ಹೋಗಿ ಕೂತು ನೋಡಿ, ಬೇಕಾದ ಹತ್ತು ಪುಟ ಮಾತ್ರ ತೆಗೆದುಕೊಳ್ಳಿ. ಉತ್ತರವೇ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು.

ಆಯೋಗದಲ್ಲಿ ವಿಚಾರಣೆಯ ದಿನ ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಉರುಳಿರಬಹುದು. ಅರ್ಜಿಯ ಪ್ರತಿ, ರಸೀದಿ, ಹಿಂಬರಹ ಎಲ್ಲ ಒಂದೇ ಫೈಲಿನಲ್ಲಿರಲಿ. ಆ ಪೇಪರ್ ಪುಟವನ್ನೂ ಅಲ್ಲೇ ಸೇರಿಸಿಡಿ, ಮನೆಯಲ್ಲಿ ರದ್ದಿಯವನು ಬಂದ ದಿನ ನೀವು ಊರಲ್ಲಿ ಇರದೇ ಹೋದೀರಿ.