ಸ್ಲೈಡಿಂಗ್ ಗಾಜಿನ ಬಾಗಿಲು: ಬೀಗ ನೋಡೋ ಮೊದಲು ಎತ್ತಿ ನೋಡಿ

ಮನೆಯಲ್ಲಿ ಸ್ಲೈಡಿಂಗ್ ಗಾಜಿನ ಬಾಗಿಲು ಇದೆಯಾ? ಹಾಗಾದ್ರೆ ಅದನ್ನು ಅರ್ಧ ಸರಿಸಿ, ಎರಡೂ ಪಕ್ಕ ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಕೆಳಗಿನ ರೋಲರ್ (ಸಣ್ಣ ಚಕ್ರ) ತನ್ನ ಟ್ರ್ಯಾಕ್ ಬಿಟ್ಟು ಮೇಲೆ ಬಂದರೆ, ಬೀಗ ಎಷ್ಟು ದುಬಾರಿಯದಾದರೂ ಅಷ್ಟೇ. ಕಳ್ಳ ಬಾಗಿಲನ್ನೇ ಕಳಚಿ ಗೋಡೆಗೆ ಒರಗಿಸಿಟ್ಟು ಒಳಗೆ ಬರಬಹುದು.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಜಗಲಿ ಕಡೆಗೆ ಇಂಥ ಬಾಗಿಲಿದೆ. ಅಂಗಳ, ತೋಟ, ಮಳೆ ಎಲ್ಲ ಕೂತಲ್ಲಿಗೇ ಕಾಣಲಿ ಅಂತ ಹಾಕಿಸಿದ್ದು. ಅಮ್ಮನಿಗೆ ಸಮಾಧಾನ ಇರಲಿಲ್ಲ. "ಗಾಜಿಗೆ ಎಂತ ಬೀಗ ಮಾರಾಯ, ಗ್ರಿಲ್ ಹಾಕ್ಸು" ಅಂತಿದ್ದರು. ಅವರು ಹೇಳೋದೂ ಸುಳ್ಳಲ್ಲ. ಒಣಗಿದ ಅಡಿಕೆ ಮೂಟೆ ರೇಟ್ ಬರೋವರೆಗೆ ಮನೆಯೊಳಗೇ ಇರುತ್ತೆ. ಕೂಗಿದರೆ ಪಕ್ಕದ ಮನೆಗೆ ಕೇಳೋದಿಲ್ಲ. ಆದರೆ ಗ್ರಿಲ್ ಹಾಕೋದಾದರೆ ಗಾಜಿನ ಬಾಗಿಲು ಯಾಕೆ ಬೇಕಿತ್ತು?

ಬಾಗಿಲು ಎತ್ತಲು ಬರೋದಕ್ಕೆ ಕಾರಣ ಇದೆ. ಕೂರಿಸುವಾಗ ಮೇಲಿನ ಚಾನೆಲ್ ಒಳಗೆ ತೂರಿಸಿ, ಆಮೇಲೆ ಕೆಳಗಿನ ಟ್ರ್ಯಾಕಿಗೆ ಇಳಿಸ್ತಾರೆ. ಅದಕ್ಕೇ ಮೇಲೆ ಜಾಗ ಬಿಟ್ಟಿರ್ತಾರೆ. ಬಂದ ದಾರಿಯಲ್ಲೇ ವಾಪಸ್ಸೂ ಹೋಗುತ್ತೆ. ನಾನು ಮೊದಲು ಆ ಜಾಗವನ್ನೇ ತುಂಬಿದೆ. ಬಾಗಿಲು ಮುಚ್ಚಿದಾಗ ಅದರ ತಲೆ ಎಲ್ಲಿ ಬರುತ್ತೋ ಅಲ್ಲಿ, ಮೇಲಿನ ಚಾನೆಲ್ ಒಳಗೆ ಸ್ಟೀಲ್ ಸ್ಕ್ರೂ ಹಾಕಿದೆ. ಪೂರ್ತಿ ಬಿಗಿ ಮಾಡಬಾರದು. ಸ್ಕ್ರೂ ತಲೆ ಕೆಳಕ್ಕೆ ಇಳಿಬಿದ್ದಿರಬೇಕು. ಅದಕ್ಕೂ ಬಾಗಿಲಿಗೂ 2-3 ಮಿಲಿಮೀಟರ್ ಸಂದು ಇದ್ದರೆ ಸಾಕು, ಬಾಗಿಲು ಸಲೀಸಾಗಿ ಓಡುತ್ತೆ, ಆದರೆ ಮೇಲೆ ಏಳೋದಿಲ್ಲ. ರೋಲರ್ ಸವೆದು ಬಾಗಿಲು ಕೆಳಗೆ ಕೂತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಇಲ್ಲದಿದ್ದರೆ ಈ ಅಳತೆ ನಿಲ್ಲೋದಿಲ್ಲ.

ಆಮೇಲೆ ಪಿನ್. ಇಡೀ ಕೆಲಸದಲ್ಲಿ ನನಗೆ ಹೆಚ್ಚು ನಂಬಿಕೆ ಇರೋದು ಇದರ ಮೇಲೇ. ನಮ್ಮ ಕಡೆ ಹಾಕೋ ಬಾಗಿಲುಗಳಲ್ಲಿ ಸಾಮಾನ್ಯವಾಗಿ ಎರಡೂ ಪ್ಯಾನೆಲ್ ಸರಿಯುತ್ತವೆ. ಒಂದನ್ನು ತಡೆದರೆ ಇನ್ನೊಂದು ಆಚೆಯಿಂದ ಸರಿಯುತ್ತೆ. ಮುಚ್ಚಿದಾಗ ಎರಡರ ಫ್ರೇಮ್ ನಡುವೆ ಒಂದರ ಮೇಲೊಂದು ಬರುತ್ತಲ್ಲ, ಅಲ್ಲಿ ಒಳಗಿನ ಫ್ರೇಮಿಗೆ ಪೂರ್ತಿ, ಹೊರಗಿನದಕ್ಕೆ ಅರ್ಧ ಮಾತ್ರ ತೂತು ಕೊರೆಸಿ 6 ಮಿಲಿಮೀಟರ್ ಸ್ಟೀಲ್ ಪಿನ್ ತೂರಿಸಿದೆ. ತೂತು ಒಳಗೆ ಹೋಗ್ತಾ ಸ್ವಲ್ಪ ಕೆಳಕ್ಕೆ ಇಳಿಜಾರಾಗಿರಲಿ, ಆಗ ಪಿನ್ ಅಲುಗಾಡಿ ಬೀಳೋದಿಲ್ಲ. ಎಷ್ಟು ಆಳ ಅಂತ ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಗಾಜಿನ ಅಂಚು ಫ್ರೇಮ್ ಒಳಗೇ ಕೂತಿರುತ್ತೆ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನ ಅಂಚಿಗೆ ಬಿಟ್ ತಾಗಿದರೆ ಇಡೀ ಗಾಜು ಪುಡಿಪುಡಿ. ಧೈರ್ಯ ಇಲ್ಲದಿದ್ದರೆ ಅಲ್ಯೂಮಿನಿಯಂ ಕೆಲಸದವರನ್ನೇ ಕರೆಸಿ.

ಬಾಗಿಲು ಸರಿಯದ ಹಾಗೆ ಒಳಗಿನ ಟ್ರ್ಯಾಕಿನಲ್ಲಿ ಉದ್ದಕ್ಕೆ ಒಂದು ಪೈಪ್ ಕೂಡ ಇಡ್ತೀನಿ. ಹಳೇ ಮನೆ ಬಾಗಿಲಿಗೆ ಅಗುಳಿ ಇದ್ದ ಹಾಗೆ. ಮಲೆನಾಡಲ್ಲಿ ಅಡಿಕೆ ಮರ ಸೀಳಿದ ದಬ್ಬೆಗೆ ಬರ ಇಲ್ಲ, ಅದನ್ನೇ ಇಡೋರೂ ಇದ್ದಾರೆ. ಆದರೆ ಮಳೆಗಾಲದಲ್ಲಿ ಅದು ಉಬ್ಬಿ ಸಿಕ್ಕಿಕೊಳ್ಳುತ್ತೆ, ಬೂಷ್ಟು ಬೇರೆ. ಪರದೆ ಹಾಕೋ ಸ್ಟೀಲ್ ಪೈಪ್ ಅಳತೆಗೆ ಕತ್ತರಿಸಿ ಎರಡೂ ತುದಿಗೆ ರಬ್ಬರ್ ಬುಶ್ ಹಾಕಿದರೆ ಆಯ್ತು. ಪೈಪ್ ದುಂಡಗಿದ್ದರೆ ಟ್ರ್ಯಾಕಿನ ನೀರು ಅಡಿಯಲ್ಲೇ ಹರಿದು ಹೋಗುತ್ತೆ. ನೀರು ಹೋಗೋ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಆಷಾಢದ ಮಳೆಗೆ ನೀರು ನೇರ ಹಾಲ್‌ಗೇ ಬರುತ್ತೆ.

ಈ ಪೈಪಿಗೆ ಹೆದರಿದ್ದು ಕಳ್ಳರಿಗಿಂತ ಮೊದಲು ಮಂಗಗಳು. ಚಿಲಕ ಬಿದ್ದಿರದಿದ್ದರೆ ಬಾಗಿಲು ಸರಿಸೋದು ಅವಕ್ಕೆ ಚೆನ್ನಾಗಿ ಗೊತ್ತು. ಮಧ್ಯಾಹ್ನ ಎಲ್ಲರೂ ತೋಟದಲ್ಲಿದ್ದಾಗ ಬಾಳೆಗೊನೆ ಮಾಯ ಆಗ್ತಿತ್ತು. ಈಗ ಗಾಜಿಗೆ ಮುಖ ಒತ್ತಿ ನೋಡಿ ಹೋಗ್ತವೆ.

ಇನ್ನು ಗಾಜು. ಮೂಲೆಯಲ್ಲಿ ಸಣ್ಣ ಮುದ್ರೆ ಇದೆಯಾ ನೋಡಿ. ಐಎಸ್ 2553 ಅಂದರೆ ಸುರಕ್ಷತಾ ಗಾಜಿಗೆ ಇರೋ ಭಾರತೀಯ ಗುಣಮಟ್ಟದ ಮಾನದಂಡ. ಆದರೆ ಟಫನ್ಡ್ ಗಾಜು ಗಟ್ಟಿ ಅಂತ ನೆಮ್ಮದಿಯಾಗಿ ಕೂರಬೇಡಿ. ಅದು ಒಡೆದರೆ ಪೂರ್ತಿ ಉದುರಿ ದಾರಿ ತೆರೆದುಕೊಳ್ಳುತ್ತೆ. ಅದು ನಮಗೆ ಗಾಯ ಆಗದಿರಲಿ ಅಂತ ಮಾಡಿದ್ದು, ಕಳ್ಳನನ್ನು ತಡೆಯೋಕಲ್ಲ. ಎರಡು ಗಾಜಿನ ನಡುವೆ ಪದರ ಇರೋ ಲ್ಯಾಮಿನೇಟೆಡ್ ಆದರೆ ಒಡೆದರೂ ಅಂಟಿಕೊಂಡೇ ನಿಲ್ಲುತ್ತೆ. ಹೊಸದಾಗಿ ಮನೆ ಕಟ್ಟಿಸೋರು ಅದನ್ನೇ ಕೇಳಿ. ನಾನು ಇದ್ದ ಗಾಜಿಗೇ ಒಳಗಡೆಯಿಂದ 8 ಮಿಲ್, ಅಂದರೆ ಸುಮಾರು 200 ಮೈಕ್ರಾನ್ ದಪ್ಪದ ಸೇಫ್ಟಿ ಫಿಲ್ಮ್ ಅಂಟಿಸಿದೆ. ಗಾಜು ಒಡೆಯೋದನ್ನು ಇದು ತಪ್ಪಿಸೋದಿಲ್ಲ. ಒಳಗೆ ಬರೋಕೆ ಹೊತ್ತು ಹಿಡಿಯುತ್ತೆ, ಸದ್ದೂ ಜಾಸ್ತಿ ಆಗುತ್ತೆ, ಅಷ್ಟೇ. ಸೋಪಿನ ನೀರು ಚಿಮುಕಿಸಿ ಅಂಟಿಸೋ ಕೆಲಸ ಆದ್ದರಿಂದ ಬೇಸಿಗೆಯಲ್ಲಿ ಮಾಡಿಸಿ. ಜೂನ್ ಜುಲೈಯಲ್ಲಿ ಬಟ್ಟೆಯೇ ಒಣಗೋದಿಲ್ಲ, ಫಿಲ್ಮ್ ಎಲ್ಲಿ ಒಣಗುತ್ತೆ!

ಕ್ಯಾಮೆರಾ ಹಾಕಿಲ್ಲ. ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಬದಲಿಗೆ ಬ್ಯಾಟರಿಯ ಡೋರ್ ಅಲಾರಂ ಹಾಕಿದ್ದೀನಿ. ಫ್ರೇಮಿಗೆ ಒಂದು ತುಂಡು, ಬಾಗಿಲಿಗೆ ಅಯಸ್ಕಾಂತ, ದೂರ ಸರಿದರೆ ಕಿರುಚುತ್ತೆ. ಬೆಳಿಗ್ಗೆ ಹೂ ಕೊಯ್ಯೋಕೆ ಹೊರಡೋ ಅಮ್ಮನೇ ಅದನ್ನು ಆಫ್ ಮಾಡ್ತಾರೆ. ಪಿನ್ನಿಗೆ ದಾರ ಕಟ್ಟಿ ಪಕ್ಕದ ಮೊಳೆಗೆ ಸಿಕ್ಕಿಸಿದ್ದೀನಿ. ರಾತ್ರಿ ಬೆಂಕಿಯೋ ಇನ್ನೊಂದೋ ಆದರೆ, ಕತ್ತಲಲ್ಲೂ ಅವರ ಕೈಗೆ ಎಳೆಯೋಕೆ ಬರಬೇಕು. ದಾರದ ಉದ್ದ ನೋಡಿಯೇ ಕಟ್ಟಿದ್ದು.